ಅಕ್ಕನ ಎಲುಬು ಯಾವ ನಮೂನೆಯದು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಬೈಲಹೊಂಗಲದ ಮಂದಿ ಹೇಳುತ್ತಾರೆ. ಹೇಳಲಿ ಬಿಡಿ. ಕತ್ತಲೆ ಕೋಣೆಯಲ್ಲಿ ಕುಳಿತು ಕಣ್ಣು ಕಿರಿದು ಮಾಡಿಕೊಂಡು ಯಾರದೋ ಬೆನ್ನೆಲುಬು ನೋಡುತ್ತಿರುವಾಗ, ಧಡಕ್ಕನೆ ಬಾಗಿಲು ತೆರೆದು ಬೆಳಕು ಬಿಟ್ಟು "ಆತೇನ್ರೀ ಡಾಕ್ಟ್ರ?" ಎಂದು ಕೇಳುವವರ ಮೇಲೆ ಸಿಟ್ಟು ಬರದೆ ಇನ್ನೇನು ಪ್ರೀತಿ ಬರುತ್ತದೆಯೇ? ಬೈದು ಕಳಿಸುತ್ತಿದ್ದೆ. ಅವರು ಹೊರಗಿನ ಬಾಕಿನ ಮೇಲೆ ಕುಳಿತು ಶೇಂಗಾ ತಿಂದು, ಸಿಪ್ಪೆ ಅಲ್ಲೇ ಚೆಲ್ಲಿ, ಮತ್ತೆ ಬಂದು ಬಾಗಿಲು ತೆರೆಯುತ್ತಿದ್ದರು.

ತೊಂಬತ್ತರ ದಶಕದಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎಕ್ಸ್‌ರೇ ಮತ್ತು ಸೋನೋಗ್ರಫಿ ಇಟ್ಟುಕೊಂಡಿದ್ದೆ. ದೊಡವಾಡ, ನೇಸರಗಿ, ಕಿತ್ತೂರು, ಸವದತ್ತಿ ಎಲ್ಲ ಕಡೆಯಿಂದ ಮಂದಿ ಬರುತ್ತಿದ್ದರು. ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ನಾನು 'ಫೋಟೋ ಡಾಕ್ಟರು'. ಆಗ ಕೆಲಸ ಸರಳವಿತ್ತು. ಎಲುಬು ಬೆಳ್ಳಗೆ, ಮುರಿದಲ್ಲಿ ಕಪ್ಪು ಗೆರೆ. ಮುರಿದಿದೆ ಎಂದರೆ ಮುರಿದಿದೆ, ಇಲ್ಲ ಎಂದರೆ ಇಲ್ಲ. ಅವರಿಗೂ ಅನುಮಾನವಿಲ್ಲ, ನನಗೂ ಇಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬೆಳಗಾವಿಯಲ್ಲಿ ಎಂಆರ್‌ಆಯ್ ಯಂತ್ರದ ಮಾತು ಶುರುವಾಯಿತು. ಯಂತ್ರ ಅಲ್ಲಿ, ಫಿಲ್ಮು ಮಾತ್ರ ಬಸ್ಸಿನಲ್ಲಿ ನಮ್ಮೂರಿಗೆ. ಕಂಡಕ್ಟರು ದೊಡ್ಡ ಪಾಕೀಟನ್ನು ತನ್ನ ಸೀಟಿನ ಹಿಂದೆ ಸಿಕ್ಕಿಸಿಕೊಂಡು ಬಂದು "ಯಾರದೋ ಬೆನ್ನು ಬಂದೈತ್ರೀ" ಎಂದು ಕೊಟ್ಟು ಹೋಗುತ್ತಿದ್ದ. ಮೊದಲ ಸಲ ಅಂಥದೊಂದು ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಹಚ್ಚಿದಾಗ, ಅಬ್ಬಾ, ನಾನು ಚಹಾ ಆರುವವರೆಗೂ ನೋಡುತ್ತಲೇ ನಿಂತಿದ್ದೆ. ಎಲುಬಿನ ಹೊರಗನ್ನಷ್ಟೇ ಕಂಡವನಿಗೆ ಅದರ ಒಳಗಿನ ಮಜ್ಜೆ ಕಾಣುತ್ತಿತ್ತು.

ಅದರಲ್ಲಿ ಒಂದು ವಿಷಯ ನನ್ನನ್ನು ಬಿಡದೆ ಹಿಡಿಯಿತು. ಬೆನ್ನೆಲುಬಿನ ಎರಡು ಮಣಿಗಳ ನಡುವೆ ಒಂದು ಮೆತ್ತನೆಯ ಬಿಲ್ಲೆ ಇರುತ್ತದೆ, ನಮ್ಮ ಕಡೆ ಅದಕ್ಕೆ ಗಾದಿ ಎನ್ನುತ್ತಾರೆ. ಗಾದಿ ಸವೆದರೆ ಅದಕ್ಕೆ ತಾಗಿದ ಎಲುಬಿನೊಳಗಿನ ಮಜ್ಜೆಯೂ ಬದಲಾಗುತ್ತದೆ. ಬದಲಾವಣೆಯಲ್ಲಿ ಮೂರು ನಮೂನೆ. ಒಂದನೆಯದು ನೀರು ತುಂಬಿ ಬಾತದ್ದು, ಇನ್ನೂ ಹಸಿ ಇರುವಂಥದು. ಎರಡನೆಯದು ಕೊಬ್ಬು ತುಂಬಿ ಆರಿದ್ದು. ಮೂರನೆಯದು ಗಟ್ಟಿಯಾಗಿ ಕಲ್ಲಾದದ್ದು. ಯಂತ್ರ ಒಂದೇ ಎಲುಬನ್ನು ಎರಡು ರೀತಿಯಲ್ಲಿ ತೆಗೆದು ಕೊಡುತ್ತದೆ. ಮೊದಲ ಚಿತ್ರದಲ್ಲಿ ಕಪ್ಪು, ಎರಡನೆಯದರಲ್ಲಿ ಬಿಳುಪು ಕಂಡರೆ ಒಂದನೆಯ ನಮೂನೆ. ಎರಡರಲ್ಲೂ ಬಿಳುಪಾದರೆ ಎರಡನೆಯದು. ಎರಡರಲ್ಲೂ ಕಪ್ಪಾದರೆ ಮೂರನೆಯದು. ಕೇಳಲಿಕ್ಕೆ ಎಷ್ಟು ಸುಲಭ! ನಾನೂ ಹಾಗೆಯೇ ತಿಳಿದಿದ್ದೆ.

ಆಗ ನನ್ನ ಅಕ್ಕನ ಫಿಲ್ಮು ಬಂತು.

ಅಕ್ಕನನ್ನು ರಾಮದುರ್ಗಕ್ಕೆ ಕೊಟ್ಟಿತ್ತು, ನೇಕಾರರ ಮನೆ. ಪಡಸಾಲೆಯಲ್ಲೇ ಎರಡು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಕಾಲಿನಿಂದ ತುಳಿಯುತ್ತ, ಕೈಯಿಂದ ಲಾಳಿ ಎಳೆಯುತ್ತ ಹಗಲೆಲ್ಲ ನೇಯಬೇಕು. ಒಂದರಲ್ಲಿ ಮಾವ, ಅಂದರೆ ಅಕ್ಕನ ಗಂಡ, ಇನ್ನೊಂದರಲ್ಲಿ ಅಕ್ಕ. ಮದುವೆಯಾಗಿ ಕೆಲವು ವರ್ಷಕ್ಕೆ ಅವಳ ಸೊಂಟ ಹಿಡಿಯತೊಡಗಿತು. ಎಕ್ಸ್‌ರೇ ತೆಗೆಸಿದರೆ ಎಲುಬು ಚೊಕ್ಕ ಇತ್ತು. ಚೊಕ್ಕ ಇದ್ದದ್ದನ್ನು ಚೊಕ್ಕ ಎಂದೇ ಹೇಳಬೇಕಲ್ಲ, ಹೇಳಿದೆ. ಅಲ್ಲಿಂದ ಅವಳ ಅತ್ತೆ "ಫೋಟೋದಾಗ ಏನೂ ಇಲ್ಲಂದ್ರ ಏನೂ ಇಲ್ಲಬೇ, ಏಳು" ಎನ್ನುವುದು ಶುರುವಾಯಿತು. ಕೆಟ್ಟ ಹೆಂಗಸೇನಲ್ಲ. ಕಣ್ಣಿಗೆ ಕಂಡದ್ದನ್ನು ನಂಬುವವಳು, ಅಷ್ಟೆ. ಅಕ್ಕ ಹಲ್ಲು ಕಚ್ಚಿಕೊಂಡು ಮತ್ತೆ ಕುಣಿಗೆ ಇಳಿಯುತ್ತಿದ್ದಳು.

ಹಾಗಾಗಿ ಎಂಆರ್‌ಆಯ್ ಮಾಡಿಸಿಕೊಂಡು ಬಂದ ದಿನ ಅಕ್ಕ ರಾಮದುರ್ಗದಿಂದ ಫೋನು ಮಾಡಿ ಹೇಳಿದ್ದು ಒಂದೇ ಮಾತು.

"ಈ ಸಲಾನೂ ಏನೂ ಇಲ್ಲ ಅಂತ ಬರದಿ ಅಂದ್ರ ನೋಡ್ ತಮ್ಮಾ, ನಾ ಈ ಮನ್ಯಾಗ ಮಾರಿ ಎತ್ತಿ ಅಡ್ಡಾಡೂದು ಹ್ಯಾಂಗ?"

"ಇದ್ದದ್ದ ಬರೀತೇನಿ, ಅಕ್ಕಾ. ಇಲ್ಲದ್ದು ಬರಿಯಾಕ ನಾ ಏನ್ ಕಥಿ ಬರಿಯಾಂವೇನು?" ಎಂದು ಗದರಿದೆ.

"ಇದ್ದದ್ದ ಬರೀ. ಖರೇ ಐತಿ ನಂದು" ಎಂದಳು.

ಅಕ್ಕನನ್ನು ನೋಡುತ್ತಿದ್ದ ಬೆಳಗಾವಿಯ ಶಸ್ತ್ರವೈದ್ಯರೂ ನನಗೆ ಫೋನು ಮಾಡಿದರು. ಅವರ ಲೆಕ್ಕ ಸ್ಪಷ್ಟವಿತ್ತು. "ಒಂದನೇ ನಮೂನಿ ಇತ್ತಂದ್ರ ಎಲುಬು ಅಳ್ಳಾಡ್ತದ, ಅದಕ್ಕ ನೋವು. ಸ್ಕ್ರೂ ಹಾಕಿ ಕಟ್ಟತೇನಿ. ಆಮ್ಯಾಲೆ ಮಗ್ಗದ ಕುಣಿ ನೋಡಂಗಿಲ್ಲ. ಎರಡನೇದು ಇತ್ತಂದ್ರ ಆರೇದ ಅಂತ ಅರ್ಥ, ಮುಟ್ಟೂದಿಲ್ಲ. ಯಾವುದು ಅಂತ ಹೇಳೂದು ನಿಮ್ಮ ಕೆಲಸ." ಸ್ಕ್ರೂ ಎಂದರೆ ಅಕ್ಕ ಹೆದರಿ ಸಾಯುತ್ತಿದ್ದಳು. 'ಆರಿದೆ' ಎಂದರೆ ನಾಳೆಯೇ ಕುಣಿ. ನನ್ನ ಒಂದು ಅಂಕಿಯ ಮೇಲೆ ಅವಳ ಮುಂದಿನ ಬಾಳು ನಿಂತಿತ್ತು.

ಪಾಕೀಟು ಬಂದ ಸಂಜೆ ಬೇಸಿಗೆಯ ಕರೆಂಟು ಕುಂಯ್ ಕುಂಯ್ ಎನ್ನುತ್ತಿತ್ತು. ಬೆಳಕಿನ ಪೆಟ್ಟಿಗೆಯ ಟ್ಯೂಬು ಹಳದಿಯಾಗಿ ಉರಿಯುತ್ತಿತ್ತು. ಫಿಲ್ಮು ಹಚ್ಚಿ ನೋಡಿದೆ. ಸೊಂಟದ ಕೆಳಗಿನ ಮಣಿಯಲ್ಲಿ ಮೊದಲ ಚಿತ್ರದಲ್ಲಿ ಕಪ್ಪು. ಎರಡನೆಯ ಚಿತ್ರದಲ್ಲೂ ಕಪ್ಪು. ಹೌದಾ? ಮೂರನೆಯ ನಮೂನೆ! ಅದನ್ನು ನಾನು ಹೆಚ್ಚು ನೋಡಿಯೇ ಇರಲಿಲ್ಲ. ಈ ವಯಸ್ಸಿಗೆ ಅಕ್ಕನ ಎಲುಬು ಕಲ್ಲಾಯಿತೇ ಎಂದು ಸಂಕಟವೂ ಆಯಿತು, ಸುಳ್ಳೇಕೆ ಹೇಳಲಿ, ಅಪರೂಪದ್ದು ಕೈಗೆ ಸಿಕ್ಕಿತೆಂದು ಒಳಗೊಳಗೇ ಕುತೂಹಲವೂ ಆಯಿತು.

ನನಗೊಬ್ಬ ಹಿರಿಯ ಗೆಳೆಯರಿದ್ದರು. ಸವದತ್ತಿಯವರು, ನನ್ನದೇ ಕೆಲಸ, ಬೆಳಗಾವಿಯಲ್ಲಿ. ಭಾನುವಾರ ಊರಿಗೆ ಹೋಗುವಾಗ ಬೈಲಹೊಂಗಲದಲ್ಲಿ ಇಳಿದು ನನ್ನಲ್ಲಿ ಚಹಾ ಕುಡಿಯದೆ ಮುಂದೆ ಹೋಗುತ್ತಿರಲಿಲ್ಲ. ಆ ಭಾನುವಾರ ಅಕ್ಕನ ಫಿಲ್ಮು ಕೈಗೆ ಕೊಟ್ಟೆ. ಅವರು ಅದನ್ನು ಪೆಟ್ಟಿಗೆಗೆ ಹಚ್ಚದೆ ಕಿಟಕಿಯ ಬಿಸಿಲಿಗೆ ಹಿಡಿದರು, ಕಣ್ಣರಳಿಸಿದರು, ಆಮೇಲೆ ತಮ್ಮ ಹೆಬ್ಬೆರಳು ನೋಡಿಕೊಂಡರು. ಬೆರಳು ಹಳದಿಯಾಗಿತ್ತು. ಮೂಸಿ ನೋಡಿ ಹೋ ಎಂದು ನಕ್ಕುಬಿಟ್ಟರು.

"ಲೇ, ಇದು ಭಂಡಾರೋ! ಗುಡ್ಡಕ್ಕ ಹೋಗಿ ಬಂದೈತಿ ನಿನ್ನ ಮೂರನೇ ನಮೂನಿ!"

ರಾಮದುರ್ಗಕ್ಕೆ ಫೋನು ಹಚ್ಚಿದೆ. ಆದದ್ದೇನೆಂದರೆ, ಫಿಲ್ಮು ನನಗೆ ಕಳಿಸುವ ಮೊದಲು ಅತ್ತೆ ಅದನ್ನು ಸವದತ್ತಿ ಗುಡ್ಡಕ್ಕೆ ಒಯ್ದು ಯಲ್ಲಮ್ಮನ ಮುಂದೆ ಇಟ್ಟಿದ್ದಳು. ಮನೆಗೆ ಬಂದು, ಬಾಣದ ಗುರುತು ಹಾಕಿದ್ದ ಎಲುಬನ್ನು ಎರಡೂ ಚಿತ್ರಗಳಲ್ಲಿ ಹುಡುಕಿ, ನೋವಿರುವ ಜಾಗಕ್ಕೇ ತಾಗಲಿ ಎಂದು ಭಂಡಾರದ ಅರಿಶಿನಪುಡಿಯನ್ನು ಬೆರಳಿನಿಂದ ಒತ್ತಿ ಹಚ್ಚಿದ್ದಳು. ಆಮೇಲೆ ಸೆರಗಿನಿಂದ ಒರೆಸಿದ್ದಳು. ಬೆಳಕು ದಾಟಬೇಕಾದಲ್ಲಿ ಪುಡಿ ಕುಳಿತಿತ್ತು, ಬಿಳಿ ಇದ್ದದ್ದು ಕಪ್ಪು ಕಂಡಿತ್ತು. ಸೊಸೆಗೆ "ಏನೂ ಇಲ್ಲಬೇ" ಎನ್ನುವ ಹೆಂಗಸೇ ದೇವಿಯ ಹತ್ತಿರ ಹೋಗಿ ಹಾಗೆ ಬೇಡಿಕೊಂಡಿದ್ದಳು! ಬೈಯಬೇಕೆಂದು ಬಾಯಿ ತೆರೆದವನು ಫೋನಿಟ್ಟು ಅರಳೆ ಹುಡುಕಿದೆ.

ಅರಳೆಗೆ ಸ್ಪಿರಿಟು ಹಚ್ಚಿ ಫಿಲ್ಮು ಒರೆಸಿದೆವು. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡೆ. ಎಲ್ಲಿಯ ಸರಿ!

"ಒಂದನೇದು" ಎಂದರು ಗೆಳೆಯರು.

ನನಗೆ ಎರಡನೆಯದರಂತೆ ಕಂಡಿತ್ತು. ಆದರೆ ಅವರು ಹಿರಿಯರು, ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಮತ್ತೆ ನೋಡಿದೆ. ವಿಚಿತ್ರ ನೋಡಿ, ಈಗ ನನಗೂ ಒಂದನೆಯದೇ ಕಾಣತೊಡಗಿತು. ಅವರು ಬಸ್ಸು ಹತ್ತಿದ ಮೇಲೆ ಒಬ್ಬನೇ ಕುಳಿತು ನೋಡಿದರೆ ಮತ್ತೆ ಎರಡನೆಯದು. ಎಲುಬು ಅದೇ, ಫಿಲ್ಮು ಅದೇ, ಕಣ್ಣೂ ನನ್ನದೇ. ಬದಲಾಗುತ್ತಿದ್ದದ್ದು ಏನು?

ತಲೆ ಕೆಟ್ಟು ಮೊಸರಾಯಿತು. ಬೇರೆಯವರು ಎಲೆ ಅಡಿಕೆಗೆ ಬೀಳುತ್ತಾರೆ, ನಾನು ಈ ಮೂರು ನಮೂನೆಗೆ ಬಿದ್ದೆ. ನನ್ನಲ್ಲಿ ಉಳಿದಿದ್ದ ಹಳೆಯ ಫಿಲ್ಮುಗಳನ್ನೆಲ್ಲ ತೆಗೆದು, ಹಿಂದೆ ಏನು ಹೇಳಿದ್ದೆನೋ ಅದನ್ನು ನೋಡದೆ, ಹೊಸದಾಗಿ ಓದತೊಡಗಿದೆ. ಹಲವು ಸಲ ಹಿಂದಿನ ನನಗೂ ಈಗಿನ ನನಗೂ ಹೊಂದಿಕೆಯಾಗುತ್ತಿತ್ತು. ಕೆಲವು ಸಲ ಇಲ್ಲವೇ ಇಲ್ಲ. ಗೆಳೆಯರಿಗೆ ಹೇಳಿದರೆ "ನಿನಗ ಕನ್ನಡಕ ಬೇಕಾಗೇತಿ" ಎಂದು ಚಾಷ್ಟಿ ಮಾಡಿದರು. ತಾವೂ ಹಾಗೆಯೇ ಓದಿ ನೋಡಿ, ಮುಂದಿನ ಭಾನುವಾರ ಮುಖ ಸಣ್ಣದು ಮಾಡಿಕೊಂಡು ಬಂದು, "ನನಗೂ ಬೇಕಾಗೇತಿ" ಎಂದರು.

ಏಕೆ ಹೀಗೆ ಎಂದು ಕೆದಕುತ್ತ ಹೋದಂತೆ ಒಂದೊಂದೇ ತಿಳಿಯಿತು. ಗಾದಿಗೆ ತಾಗಿ ಒಂದು ಸಣ್ಣ ಪಟ್ಟಿಯಷ್ಟೇ ಬದಲಾಗಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವವರು ಹಿಡಿಯುತ್ತಾರೆ, ಬಿಡುವವರು ಬಿಡುತ್ತಾರೆ. ಬಿಳುಪು ಎಂದರೆ ಯಾವುದಕ್ಕಿಂತ ಬಿಳುಪು ಎಂದು ಯಾರೂ ಮೊದಲೇ ಗೊತ್ತು ಮಾಡಿಕೊಂಡಿರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಪೇಚು ಎಂದರೆ, ಒಂದೇ ಮಣಿಯಲ್ಲಿ ಮುಂದಿನ ಅಂಚಿಗೆ ಒಂದನೆಯ ನಮೂನೆ, ಹಿಂದಿನ ಅಂಚಿಗೆ ಎರಡನೆಯದು ಅಕ್ಕಪಕ್ಕ ಸಂಸಾರ ಮಾಡಿಕೊಂಡಿರುತ್ತವೆ. ಅಕ್ಕನದು ಅಂಥದೇ. ಗೆಳೆಯರ ಕಣ್ಣು ಮುಂದಿನ ಅಂಚಿಗೆ ಹೋಗುತ್ತಿತ್ತು, ನನ್ನದು ಹಿಂದಿನದಕ್ಕೆ.

ಒಂದು ಭಾನುವಾರ ಇದೇ ಜಗಳ ಜೋರಾಗಿ ನಡೆದಿತ್ತು. ಅಪ್ಪ ಹೊರಗಿನ ಬಾಕಿನ ಮೇಲಿದ್ದರು. ಅವರು ದನದ ದಲಾಲಿ ಮಾಡಿದವರು. ಯರಗಟ್ಟಿ, ನೇಸರಗಿ ಎನ್ನದೆ ಸಂತೆಗಳನ್ನು ಸುತ್ತಿ, ವಯಸ್ಸಾದ ಮೇಲೆ ಅದನ್ನು ಬಿಟ್ಟಿದ್ದರು. ನಮ್ಮ ಗದ್ದಲ ತಾಳದೆ ಒಳಗೆ ಬಂದರು. ನಾನು ಬೈಯುವ ಮೊದಲೇ ತಾವೇ ಬೈದರು.

"ಅಲ್ರೀ, ನೀವು ಇಷ್ಟ ಕಲತೀರಿ, ವ್ಯವಹಾರ ಬಾಯಿಲೆ ಮಾಡ್ತೀರಲ್ಲ! ಸಂತ್ಯಾಗ ಯಾರರ ರೇಟು ಬಾಯಿಬಿಟ್ಟು ಹೇಳ್ತಾರೇನು? ಒಬ್ಬಾಂವ ಒದರಿದ ಅಂದ್ರ ಉಳದಾವರ ಕಣ್ಣೂ ಅಲ್ಲೇ ಹೊಳ್ಳತಾವು."

ಹೆಗಲ ಮೇಲಿನ ಟಾವೆಲು ತೆಗೆದು ನಮ್ಮಿಬ್ಬರ ಕೈಗಳ ಮೇಲೆ ಹಾಕಿದರು. ನಮ್ಮ ಕಡೆ ಎತ್ತಿನ ವ್ಯಾಪಾರ ಹಾಗೆಯೇ. ಟಾವೆಲಿನ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಬೆಲೆ ಹೇಳುತ್ತಾರೆ, ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ನಾವೂ ಫಿಲ್ಮು ನೋಡಿ, ಬಾಯಿ ಮುಚ್ಚಿ, ಒಂದೇ ಸಲಕ್ಕೆ ಬೆರಳು ಒತ್ತಿದೆವು. ನನ್ನವು ಎರಡು, ಅವರದು ಒಂದು. ಅಪ್ಪ ತಾವೂ ಫಿಲ್ಮಿನ ಮುಂದೆ ನಿಂತು, ಎತ್ತಿನ ಹಲ್ಲು ನೋಡಿದ ಹಾಗೆ ಬಗ್ಗಿ ನೋಡಿ, "ಇದು ಗಬ್ಬದ ಆಕಳ ಇದ್ದಂಗ ಐತಿ" ಎಂದು ತೀರ್ಪು ಕೊಟ್ಟು ಹೋದರು. ನಾವು ನಕ್ಕು ನಕ್ಕು ಸುಸ್ತಾದೆವು.

ನಗು ಮುಗಿಯಿತು, ಟಾವೆಲು ಮಾತ್ರ ಉಳಿಯಿತು. ಪ್ರತಿ ಭಾನುವಾರ ಫಿಲ್ಮುಗಳ ಕಟ್ಟು, ಚಹಾ, ಟಾವೆಲು. ಹೊರಗೆ ಕುಳಿತವರು ಬಾಗಿಲ ಸಂದಿಯಿಂದ ನೋಡಿ, ಡಾಕ್ಟರಿಬ್ಬರು ಒಳಗೆ ಎತ್ತು ಮಾರುತ್ತಿದ್ದಾರೆ ಎಂದು ಊರೆಲ್ಲ ಹಬ್ಬಿಸಿದರು. ನಾವು ಕೆಲವು ಕಟ್ಟಳೆ ಮಾಡಿಕೊಂಡೆವು. ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಡದೆ ಓದಬಾರದು. ಕರೆಂಟು ಕುಂಯ್ ಎನ್ನುವಾಗ ಓದಬಾರದು. ತೀರ ಸಣ್ಣ ಪಟ್ಟಿಯನ್ನು ಎಣಿಸಬಾರದು. ಎರಡೂ ಬೆರೆತಿದ್ದರೆ ಹೆಚ್ಚಿರುವುದನ್ನು ಮೊದಲು ಹೇಳಬೇಕು. ಬರಬರುತ್ತ ಟಾವೆಲಿನ ಕೆಳಗೆ ಬೆರಳುಗಳು ಹೆಚ್ಚು ಹೆಚ್ಚು ಹೊಂದತೊಡಗಿದವು. ಆ ಸುಖವನ್ನು ಹೇಗೆ ಹೇಳಲಿ! ಇಬ್ಬರು ಬೇರೆ ಬೇರೆ ಮನುಷ್ಯರು ಒಂದು ಕತ್ತಲೆಯ ವಸ್ತುವನ್ನು ನೋಡಿ ಒಂದೇ ಮಾತಿಗೆ ಬರುವುದೆಂದರೆ ಸಣ್ಣ ಸಂಗತಿಯಲ್ಲ.

ಅಕ್ಕನ ಫಿಲ್ಮಿನ ಮೇಲೆ ಮಾತ್ರ ನಮ್ಮ ಜಗಳ ಬಗೆಹರಿಯಲಿಲ್ಲ. ಹೆಚ್ಚಿರುವುದು ಯಾವುದು ಎನ್ನುವುದರ ಮೇಲೂ ಒಪ್ಪಿಗೆ ಆಗಲಿಲ್ಲ. ಶಸ್ತ್ರವೈದ್ಯರು "ನೀವು ಮದಲ ಒಂದ ಮಾತಿಗೆ ಬರ್ರಿ, ಆಮ್ಯಾಲೆ ನಾ ಚಾಕು ಹಿಡಿತೇನಿ. ಒಂದ್ ವರ್ಷ ಬಿಟ್ಟು ಇನ್ನೊಮ್ಮೆ ತಗಸ್ರಿ. ಅಲ್ಲೀತನಾ ಆಕಿ ಮಗ್ಗಕ್ಕ ಕುಂಡ್ರೂದು ಬ್ಯಾಡ" ಎಂದುಬಿಟ್ಟರು.

ಆ ವರ್ಷ ನಾನು ರಾಮದುರ್ಗಕ್ಕೆ ಹೋದಾಗಲೆಲ್ಲ ಮನೆಯ ನಮೂನೆಯೇ ಬದಲಾಗಿತ್ತು. ಅಕ್ಕ ಗೋಡೆಗೆ ಒರಗಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದದ್ದು ಅತ್ತೆ. ನೀರು ತರುತ್ತಿದ್ದದ್ದು ಮಾವ. ಓಣಿಯ ಹೆಂಗಸರು ಬಂದರೆ ಅತ್ತೆ ಒಂದು ಥರದ ಅಭಿಮಾನದಿಂದಲೇ ಹೇಳುತ್ತಿದ್ದಳು: "ಯಾವ ನಮೂನಿ ಅಂತ ದೊಡ್ಡ ದೊಡ್ಡ ಡಾಕ್ಟರಿಗೇ ತಿಳೀವಲ್ದು ನೋಡ್ರೆವಾ, ಅಂಥಾ ಬ್ಯಾನಿ ನಮ್ಮ ಸೊಸಿದು." ಅಕ್ಕನಿಗೆ ನೋವು ಇದ್ದೇ ಇತ್ತು. ಎದ್ದು ನಿಲ್ಲುವಾಗ ಗೋಡೆ ಹಿಡಿಯುತ್ತಿದ್ದಳು. ಆದರೂ ಮುಖ ತಿಳಿಯಾಗಿತ್ತು. "ಇನ್ನೂ ಜಗಳ ಐತೇನೋ?" ಎಂದು ಕೇಳಿ, ಐತಿ ಎಂದರೆ ನಗುತ್ತಿದ್ದಳು. ಆ ನಗು ಏಕೆಂದು ನನ್ನ ತಲೆಗೆ ಹೊಳೆಯಲಿಲ್ಲ.

ವರ್ಷ ಕಳೆದು ಎರಡನೆಯ ಸ್ಕ್ಯಾನ್ ಆಯಿತು. ಈ ಸಲ ಫಿಲ್ಮು ಯಾವ ಗುಡ್ಡವನ್ನೂ ಹತ್ತದೆ ನೇರ ನನ್ನ ಕೈಗೆ ಬಂತು. ಕರೆಂಟು ಚೆನ್ನಾಗಿದ್ದ ಹೊತ್ತು ನೋಡಿ, ಎರಡೂ ಚಿತ್ರ ಅಕ್ಕಪಕ್ಕ ಇಟ್ಟು, ಗೆಳೆಯರೂ ನಾನೂ ಬೇರೆ ಬೇರೆಯಾಗಿ ಓದಿದೆವು. ಟಾವೆಲು ಹಾಕಿದೆವು. ಅವರ ಬೆರಳು ಎರಡು, ನನ್ನವೂ ಎರಡು! ಹಸಿ ಇದ್ದ ಮುಂದಿನ ಅಂಚೂ ಆರಿ ಕೊಬ್ಬಾಗಿತ್ತು. ಶಸ್ತ್ರವೈದ್ಯರಿಗೆ ನಮ್ಮದು ಹೇಳದೆ ಅವರ ಅಭಿಪ್ರಾಯ ಕೇಳಿದೆವು. ಅವರದೂ ಎರಡನೆಯದೇ. "ಸ್ಕ್ರೂ ಇಲ್ಲ, ಏನಿಲ್ಲ, ಆರಾಮಿರ್ರಿ" ಎಂದರು. ನಾನು ಗೆಳೆಯರನ್ನು ಅಪ್ಪಿಕೊಂಡೇಬಿಟ್ಟೆ.

ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ಪೊಟ್ಟಣ ಫೇಡೆ ಕಟ್ಟಿಸಿಕೊಂಡು, ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗ ಮುಟ್ಟಿದೆ. ಪಡಸಾಲೆಯಲ್ಲಿ ಎಲ್ಲರೂ ಇದ್ದರು. ಚಪ್ಪಲಿ ಬಿಡುತ್ತಲೇ ಒದರಿದೆ.

"ಮೂರೂ ಮಂದೀದು ಒಂದ ಮಾತು! ಎರಡನೇ ನಮೂನಿ! ಒಳಗ ಎಲ್ಲಾ ಆರೈತಿ. ಆಪರೇಶನ್ ಇಲ್ಲ!"

ಅತ್ತೆ "ತಾಯೀ ಯಲ್ಲವ್ವಾ" ಎಂದು ಕೈ ಜೋಡಿಸಿ ದೇವರ ಕೋಣೆಗೆ ಹೋದಳು. ಮಾವ ಫೇಡೆ ಬಾಯಿಗೆ ಹಾಕಿಕೊಂಡು, ವರ್ಷದಿಂದ ಬಟ್ಟೆ ಮುಚ್ಚಿಟ್ಟಿದ್ದ ಎರಡನೆಯ ಮಗ್ಗದ ಹತ್ತಿರ ಹೋಗಿ ಧೂಳು ಕೊಡವತೊಡಗಿದರು.

"ಭಾಳ ಚಲೋ ಆತ್ರೀ ಡಾಕ್ಟ್ರ. ನಾಳಿಂದ ಇದನ್ನೂ ಹೂಡೋಣಂತ" ಎಂದರು.

ಅಕ್ಕ ಫೇಡೆಯನ್ನು ಕೈಯಲ್ಲೇ ಹಿಡಿದಿದ್ದಳು.

"ಆರೈತಿ ಅಂದ್ರ ನೋವು ಕಡಿಮಿ ಆಗಿರಬೇಕಲ್ಲ, ತಮ್ಮಾ?"

"ಆಗಿರತೈತಿ. ಭಾಳ ಮಂದೀಗೆ ಆಗತೈತಿ" ಎಂದೆ.

"ನನಗ ಆಗಿಲ್ಲೋ. ಹಾಂಗ ಐತಿ."

ಮಾವನ ಕೈ ನಿಲ್ಲಲಿಲ್ಲ. "ವರ್ಷ ಕುಂತು ರೂಢಿ ತಪ್ಪೇತಿ, ಮಗ್ಗಕ್ಕ ಇಳದ್ರ ತಾನ ಸರಿ ಆಗತೈತಿ. ಮೂರು ಮಂದಿ ಡಾಕ್ಟರು ಸುಳ್ಳ ಹೇಳ್ತಾರೇನು?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನವಿತ್ತು. ನನಗೆ ಉರಿದುಹೋಯಿತು.

"ಮಾವಾರ, ನಾವು ಒಪ್ಪಿದ್ದು ಎಲುಬು ಕರೇದ ಐತೋ ಬೆಳ್ಳಗ ಐತೋ ಅನ್ನೂದ್ರ ಮ್ಯಾಲ! ಆಕಿ ನೋವಿನ ಮ್ಯಾಲ ನಾವು ಯಾರೂ ಒಂದ ಮಾತೂ ಆಡಿಲ್ಲ!"

"ಹಂಗ ಯಾಕಂತೀರಿ? ಈಗ ನೀವ ಬಾಗಲದಾಗ ನಿಂತು ಎಲ್ಲಾ ಆರೈತಿ ಅಂದ್ರೆಲ್ಲ" ಎಂದರು ಮಾವ, ನಿಜಕ್ಕೂ ಅರ್ಥವಾಗದೆ.

ಅಂದಿದ್ದೆ. ಮೂವರೂ ಕೂಡಿ ಅಂದಿದ್ದೆವು. ಒಳಗಿನಿಂದ ಅತ್ತೆಯ ಗಂಟೆಯ ಸದ್ದು ಕೇಳುತ್ತಿತ್ತು.

ಅಕ್ಕ ಫೇಡೆಯನ್ನು ಮುರಿದು ಅರ್ಧ ನನ್ನ ಕೈಗಿಟ್ಟಳು. ಗೋಡೆ ಹಿಡಿದು ಎದ್ದು, ಗಂಡನ ಕೈಯಿಂದ ಬಟ್ಟೆ ಇಸಿದುಕೊಂಡು ತಾನೇ ಮಗ್ಗದ ಧೂಳು ಒರೆಸತೊಡಗಿದಳು. ಒರೆಸುತ್ತಲೇ, ನನ್ನ ಕಡೆ ತಿರುಗದೆ ಹೇಳಿದಳು.

"ಇನ್ನೊಂದೀಟು ದಿನಾ ಜಗಳಾಡಬೇಕಿತ್ತಪಾ ನೀವು. ನೀವು ಜಗಳಾಡೂತನಾ ನನ್ನ ನೋವು ಖರೇ ಇತ್ತು."